ಏಳನೇ ಫ್ರೇಮಿನ ಹೆಬ್ಬಾತು

ಹುಲಿಹೈದರ, ತಾ. ಗಂಗಾವತಿ
೨೮ ನವೆಂಬರ್ ೧೯೮೩

ಕಳಕಪ್ಪಣ್ಣನವರಿಗೆ,

ಹೆಬ್ಬಾತುಗಳು ಬಂದಿವೆ. ನಿನ್ನೆ ಭಾನುವಾರ ಬೆಳಿಗ್ಗೆ ಏಳೂವರೆಗೆ ಇಲ್ಲಿನ ಕೆರೆಯ ಪಡುವಣ ದಂಡೆಯಲ್ಲಿ ನಲವತ್ತೊಂದು ಎಣಿಸಿದೆ. ಸುದ್ದಿ ಕೊಟ್ಟವಳು ಹುಲಿಗವ್ವ, ಕೆರೆಯಂಗಳದಲ್ಲಿ ದಿನವೂ ಎಮ್ಮೆ ಮೇಯಿಸುವವಳು. ಶನಿವಾರ ಶಾಲೆ ಬಿಡುವ ಹೊತ್ತಿಗೆ ಬಾಗಿಲಿಗೆ ಬಂದು, "ಮಾಸ್ತರ, ನಿಮ್ಮ ಪರದೇಶದ ಬೀಗರು ಬಂದಾರ ನೋಡ್ರಿ. ತಲಿ ಹಿಂದ ಎರಡು ಕರೇ ಪಟ್ಟಿ ಅದಾವ," ಎಂದು ಹೇಳಿ ಹೋಗಿದ್ದಳು.

ಮೊದಲು ಸುದ್ದಿ, ಆಮೇಲೆ ಸುದ್ದಿ ಕೊಟ್ಟವರು, ಅನಂತರ ಉಳಿದದ್ದು. ಹುಬ್ಬಳ್ಳಿಯ ಪತ್ರಿಕೆಗೆ ನೀವು ಬರೆಯುವ ಕ್ರಮದಲ್ಲೇ ಬರೆದಿದ್ದೇನೆ. ಭಾಗ್ಯನಗರದ ಶಾಲೆಯಲ್ಲಿದ್ದ ಮೂರು ವರ್ಷ, ಚಳಿಗಾಲದ ಭಾನುವಾರಗಳಲ್ಲಿ ನಿಮ್ಮ ಚೀಲ ಹೊತ್ತು ಮುನಿರಾಬಾದಿನ ಹಿನ್ನೀರಿಗೆ ಬಂದದ್ದರಲ್ಲಿ ಇಷ್ಟಾದರೂ ಕಲಿತೆ. ಅಲ್ಲಿ ಹಕ್ಕಿಗಳು ನಮ್ಮಿಂದ ಇನ್ನೂರು ಗಜ ದೂರದಲ್ಲಿರುತ್ತಿದ್ದವು. ಇಲ್ಲಿ ಕೆರೆ ಚಿಕ್ಕದು, ನೀರು ಇಳಿದಲ್ಲೆಲ್ಲ ಎಳೆಯ ಹುಲ್ಲು. ಹೆಬ್ಬಾತುಗಳು ದನಗಳ ಜೊತೆಯಲ್ಲೇ ಮೇಯುತ್ತವೆ. ಈ ವರ್ಗಾವಣೆಯಿಂದ ಆದ ಲಾಭ ಇದೊಂದೇ.

ಕ್ಯಾಮೆರಾ ತೆಗೆದುಕೊಂಡು ಒಂದು ಭಾನುವಾರ ಬನ್ನಿ. ರೊಟ್ಟಿ, ಹಿಂಡಿಪಲ್ಯ ಸಿದ್ಧವಿರುತ್ತವೆ.

ಇತಿ,
ವಿರುಪಣ್ಣ

*

ಕೊಪ್ಪಳ
೪ ಡಿಸೆಂಬರ್ ೧೯೮೩

ವಿರುಪಣ್ಣ ಮಾಸ್ತರಿಗೆ,

ನಾನು ಬರುವುದಿಲ್ಲ. ಧನುರ್ಮಾಸ ಹಿಡಿಯುವುದರೊಳಗೆ ಮುಗಿಸಬೇಕೆಂದು ಊರಿನವರೆಲ್ಲ ಒಟ್ಟಿಗೆ ಮದುವೆ ಇಟ್ಟುಕೊಂಡಿದ್ದಾರೆ. ಹನ್ನೆರಡು ದಿನಗಳಲ್ಲಿ ಒಂಬತ್ತು ಮದುವೆ. ಸ್ಟುಡಿಯೋ ಬಿಟ್ಟು ಅಲ್ಲಾಡುವಂತಿಲ್ಲ.

ಕ್ಯಾಮೆರಾ ಮತ್ತು ಮುನ್ನೂರು ಎಂ.ಎಂ.ನ ಉದ್ದ ಲೆನ್ಸು ಬರುತ್ತಿವೆ. ಮದುವೆಗೆ ಅವು ಬೇಕಿಲ್ಲ. ಕನಕಗಿರಿ ಬಸ್ಸಿನ ಡ್ರೈವರ್ ಚಾಂದಸಾಬನ ಕೈಯಲ್ಲಿ ಕೊಟ್ಟಿದ್ದೇನೆ. ತನ್ನ ಸೀಟಿನ ಹಿಂದೆ ಇಟ್ಟುಕೊಂಡು, "ಹುಷಾರ್ ಅಂತ ಹೇಳೋದು ಬ್ಯಾಡ್ರಿ ಸಾಹುಕಾರ್ರ, ಮದುಮಗಳನ್ನ ಒಯ್ದಂಗ ಒಯ್ತೀನಿ," ಎಂದ. ರೋಲು ಒಳಗಿದೆ. ಲೆನ್ಸಿನ ಗಾಜನ್ನು ಧೋತರದ ಚುಂಗಿನಿಂದ ಒರೆಸಬೇಡಿ.

ಈ ಲೆನ್ಸನ್ನು ಈವರೆಗೆ ಯಾರ ಕೈಗೂ ಕೊಟ್ಟಿಲ್ಲ. ನಿಮಗೆ ಕೊಡಲು ಕಾರಣ ಎರಡು. ಒಂದು, ನೀವು ಕೇಳಲಿಲ್ಲ. ಇನ್ನೊಂದು, ನಿಮಗೂ ಸಿಗುವುದಿಲ್ಲವೆಂದು ನನಗೆ ಗೊತ್ತು. ಹನ್ನೊಂದು ಚಳಿಗಾಲಗಳಲ್ಲಿ ಈ ಹಕ್ಕಿಯ ಬೆನ್ನು ಹತ್ತಿ ನಾನು ಮೂವತ್ತೆಂಟು ರೋಲು ಮುಗಿಸಿದ್ದೇನೆ. ಬರಗಾಲದ ಫೋಟೋ, ಮಂತ್ರಿಗಳ ಫೋಟೋ ಹಾಕಿದ ಪತ್ರಿಕೆಯವರು ಹೆಬ್ಬಾತನ್ನು ಮಾತ್ರ ಪ್ರತಿ ಸಲ ತಿರುಗಿ ಕಳಿಸಿದ್ದಾರೆ. ಒಂದು ಸಲ ಹಿಂದೆ ಪೆನ್ಸಿಲ್ಲಿನಲ್ಲಿ "ಹಕ್ಕಿ ಎಲ್ಲಿ?" ಎಂದು ಬರೆದಿದ್ದರು.

ಪ್ರಯತ್ನ ಮಾಡಿ. ರೋಲನ್ನು ಇಲ್ಲಿಗೇ ಕಳಿಸಿ, ನಾನೇ ತೊಳೆಯುತ್ತೇನೆ.

ಕಳಕಪ್ಪ

*

ಹುಲಿಹೈದರ
೧೨ ಡಿಸೆಂಬರ್ ೧೯೮೩

ಕಳಕಪ್ಪಣ್ಣನವರಿಗೆ,

ನಿನ್ನೆ ಮೂವತ್ತು ಅಡಿ ದೂರದಿಂದ ಹನ್ನೊಂದು ಫೋಟೋ ತೆಗೆದೆ. ಮೂವತ್ತು ಗಜ ಅಲ್ಲ, ಅಡಿ. ಆಮೇಲೆ ಹೆಜ್ಜೆ ಹಾಕಿ ಅಳೆದಿದ್ದೇನೆ.

ಇದು ನನ್ನ ಬುದ್ಧಿಯಲ್ಲ. ಹೋದ ವಾರ ಜಾಲಿಯ ಮರೆಯಲ್ಲಿ ಕುಳಿತಿದ್ದಾಗ ಹುಲಿಗವ್ವ ಬಂದು, "ಏನ್ ಮಾಸ್ತರ, ಕಳ್ಳರಂಗ ಬಗ್ಗಿ ಕುಂತೀರಿ? ನೀವು ಊರು ಬಿಡೂ ಮುಂದನ ಅವು ನಿಮ್ಮನ್ನ ನೋಡ್ಯಾವ," ಎಂದಳು.

"ಮತ್ತ ನಿನ್ನ ನೋಡಿ ಯಾಕ ಹಾರೂದಿಲ್ಲ?" ಎಂದೆ.

"ನನ್ನ ಯಾರು ನೋಡ್ತಾರ? ಅವು ಎಮ್ಮಿ ನೋಡ್ತಾವ. ಎಮ್ಮಿ ಬಾಜೂಕ ಇರೂದೆಲ್ಲಾ ಎಮ್ಮೀನ."

ಎಮ್ಮೆಗೆ ನಾನು ಗುರುತಾಗಬೇಕೆಂದು ಮೂರು ಸಂಜೆ ಅದರ ಮೈ ತಿಕ್ಕಿಸಿದಳು. ಮೊದಲನೇ ದಿನ ಒದೆ ತಿಂದೆ. ನಿನ್ನೆ ಬೆಳಿಗ್ಗೆ ನನ್ನ ಬಿಳಿ ಅಂಗಿ ಬಿಚ್ಚಿಸಿ ತನ್ನ ಕಂಬಳಿ ಹೊದಿಸಿದಳು. "ಅದು ನಿಂತ್ರ ನಿಂದರ್ರಿ, ಅದು ನಡದ್ರ ನಡೀರಿ. ಸೆಗಣಿ ಹಾಕಿದ್ರ ಅವಸರ ಮಾಡಬ್ಯಾಡ್ರಿ, ಸಾಲಿ ಗಂಟಿ ಏನೂ ಹೊಡದಿಲ್ಲ," ಎಂದಳು. ಎಮ್ಮೆಯ ಮಗ್ಗುಲಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ಮುಕ್ಕಾಲು ಗಂಟೆ ನಡೆದೆವು. ಹೆಬ್ಬಾತುಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಲೆನ್ಸನ್ನು ಎಮ್ಮೆಯ ಬೆನ್ನಿನ ಮೇಲೆ ಇಟ್ಟು ಬಟನ್ ಒತ್ತಿದೆ. ಅದು ಉಸಿರಾಡಿದಾಗಲೆಲ್ಲ ಲೆನ್ಸು ಏರುತ್ತಿತ್ತು, ಇಳಿಯುತ್ತಿತ್ತು. ಎಷ್ಟು ಅಲುಗಿವೆಯೋ ಗೊತ್ತಿಲ್ಲ.

ಅಣ್ಣಾ, ಅದರ ಕೊಕ್ಕಿನ ತುದಿಯ ಕಪ್ಪು ಗುರುತನ್ನು ಕಣ್ಣಾರೆ ನೋಡಿದೆ.

ರೋಲನ್ನು ಚಾಂದಸಾಬನ ಕೈಯಲ್ಲಿ ಕೊಟ್ಟಿದ್ದೇನೆ. ಜಲ್ದಿ ತೊಳೆಯಿರಿ.

ವಿರುಪಣ್ಣ

*

ಕೊಪ್ಪಳ
೨೦ ಡಿಸೆಂಬರ್ ೧೯೮೩

ವಿರುಪಣ್ಣ ಮಾಸ್ತರಿಗೆ,

ಹನ್ನೊಂದರಲ್ಲಿ ಹತ್ತು ಅಲುಗಿವೆ. ಏಳನೇ ಫ್ರೇಮು ನಿಂತಿದೆ. ಹನ್ನೊಂದರದೂ ಸಣ್ಣ ಪ್ರಿಂಟು ಹಾಕಿ ಇದರೊಂದಿಗೆ ಕಳಿಸಿದ್ದೇನೆ.

ಏಳನೆಯದರಲ್ಲಿ ಹಕ್ಕಿ ಕೆಸರಿನಿಂದ ಒಂದು ಕಾಲು ಎತ್ತಿದೆ. ದಂಡೆಯ ಗೆರೆ ಸ್ವಲ್ಪ ಎಡಕ್ಕೆ ವಾಲಿದೆ. ಕೆಳಗೆ ಬಲಮೂಲೆಯಲ್ಲಿ ಎಮ್ಮೆಯ ರೋಮ ಬಂದಿದೆ. ಬೆಳಕು ಸುಮಾರಾಗಿದೆ. ಮೊದಲನೇ ರೋಲಿಗೆ ಪರವಾಗಿಲ್ಲ.

ಪ್ರಿಂಟು ಒಣಗಲು ಹಾಕಿದ್ದಾಗ ನಮ್ಮ ಮನೆಯವಳು ಪಾರ್ವತೆಮ್ಮ ಊಟಕ್ಕೆ ಕರೆಯಲು ಒಳಗೆ ಬಂದಳು. ಏಳನೆಯದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಹತ್ತಿರ ಒಯ್ದು ನೋಡಿದಳು. "ಇದು ನೀವು ತಗದಿದ್ದಲ್ಲ," ಎಂದಳು. ಹೇಗೆ ಗೊತ್ತಾಯಿತೆಂದು ಕೇಳಿದೆ. "ನೀವು ತಗದಿದ್ರಾಗ ಹಕ್ಕಿ ಎಲ್ಲಿ ಐತಿ ಅಂತ ಬಟ್ಟಿಟ್ಟು ತೋರಿಸ್ಬೇಕಾಕ್ಕಿತ್ತು. ಇದು ನನ್ನ ನೋಡಾಕತ್ತೈತಿ," ಎಂದಳು. ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ.

ಹನ್ನೊಂದು ವರ್ಷ ದನ ಕಾಯುವವರು ನನ್ನ ಪಕ್ಕದಲ್ಲೇ ಹಾದು ಹೋಗಿದ್ದಾರೆ. ದನ ಆಚೆ ಹೊಡೆಯಿರಿ, ಹಕ್ಕಿ ಏಳುತ್ತವೆ ಎಂದು ಅವರ ಮೇಲೆ ಹರಿಹಾಯ್ದವನು ನಾನು. ಇದನ್ನೂ ಬರೆಯುತ್ತಿದ್ದೇನೆ.

ಏಳನೆಯದನ್ನು ಟಚಿಂಗ್ ಮಾಡಿ, ಕಲೆಗಿಲೆ ಇದ್ದರೆ ತೆಗೆದು, ದೊಡ್ಡದು ಹಾಕಿ ಕಳಿಸುತ್ತೇನೆ. ಕ್ಯಾಮೆರಾ ಸದ್ಯ ನಿಮ್ಮಲ್ಲೇ ಇರಲಿ, ಇನ್ನೊಂದು ರೋಲು ಇದರೊಂದಿಗಿದೆ.

ಕಳಕಪ್ಪ

*

ಹುಲಿಹೈದರ
೨೬ ಡಿಸೆಂಬರ್ ೧೯೮೩

ಕಳಕಪ್ಪಣ್ಣನವರಿಗೆ,

ಏಳನೇ ಫ್ರೇಮಿನ ಹಕ್ಕಿಯ ಕಾಲಿನಲ್ಲಿ ಬಳೆ ಇದೆ. ಕಂಡುಹಿಡಿದವಳು ಹುಲಿಗವ್ವ.

ನೀವು ಕಳಿಸಿದ ಸಣ್ಣ ಪ್ರಿಂಟಿನಲ್ಲಿ, ಎತ್ತಿದ ಕಾಲಿನ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ ಇರುವುದನ್ನು ನಾನೂ ನೋಡಿದ್ದೆ, ಧೂಳು ಎಂದುಕೊಂಡಿದ್ದೆ. ಫೋಟೋ ನೋಡಲಿ ಎಂದು ಅವಳಿಗೆ ತೋರಿಸಿದೆ. "ಇದು ಕಡಗದ ಬಾತು!" ಎಂದಳು. "ಬಂದ ದಿನದಿಂದ ನೋಡಾಕತ್ತೀನಿ. ಬೆಳ್ಳಿ ಕಡಗ. ನನಗ ನನ್ನ ಗಂಡ ಹಾಕಿಸ್ಲಿಲ್ಲ, ಅದಕ್ಕ ಯಾವ ಪುಣ್ಯಾತ್ಮ ಹಾಕ್ಸ್ಯಾನೋ." ಮೊದಲೇ ಯಾಕೆ ಹೇಳಲಿಲ್ಲವೆಂದರೆ, "ನೀವು ಕೇಳಿದ್ರೇನು?" ಎಂದಳು.

ಅಣ್ಣಾ, ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತಿಳಿಯಲು ಹೊರದೇಶದವರು ಕಾಲಿಗೆ ನಂಬರಿನ ಬಳೆ ತೊಡಿಸಿ ಬಿಡುತ್ತಾರೆಂದು ನೀವೇ ಒಮ್ಮೆ ಪತ್ರಿಕೆಯಿಂದ ಓದಿ ಹೇಳಿದ್ದಿರಿ. ಆ ಹಕ್ಕಿ ಹಿಮಾಲಯ ದಾಟಿ ನಮ್ಮ ಕೆರೆಗೆ ಬಂದಿದೆ ಎನ್ನಲು ಇದು ಆಧಾರವಾಗುತ್ತದೆ. ಮುಂಬಯಿಯ ಪಕ್ಷಿ ಸಂಘಕ್ಕೆ ಆ ಸಣ್ಣ ಪ್ರಿಂಟನ್ನೂ ಇಟ್ಟು ಇವತ್ತೇ ಬರೆದಿದ್ದೇನೆ. ಕ್ಯಾಮೆರಾ ನಿಮ್ಮದು, ರೋಲು ತೊಳೆದವರು ನೀವು ಎಂದೂ ಬರೆದಿದ್ದೇನೆ.

ದೊಡ್ಡ ಪ್ರಿಂಟಿಗಾಗಿ ದಿನವೂ ಬಸ್ಸಿನ ದಾರಿ ಕಾಯುತ್ತಿದ್ದೇನೆ.

ವಿರುಪಣ್ಣ

*

ಕೊಪ್ಪಳ
೨ ಜನವರಿ ೧೯೮೪

ವಿರುಪಣ್ಣ ಮಾಸ್ತರಿಗೆ,

ದೊಡ್ಡ ಪ್ರಿಂಟು ಇದರೊಂದಿಗಿದೆ. ನೀವು ಹೇಳುವ ಬಿಳಿ ಚುಕ್ಕೆ ನೆಗೆಟಿವ್ ಒಣಗುವಾಗ ನಿಂತ ನೀರಿನ ಕಲೆ. ನಿಮ್ಮ ಪತ್ರ ಮೂವತ್ತನೇ ತಾರೀಖು ತಲುಪಿತು. ಅದಕ್ಕೂ ಮೊದಲೇ ಟಚಿಂಗ್ ಮುಗಿದಿತ್ತು. ಈ ಪ್ರಿಂಟಿನಲ್ಲಿ ಕಾಲು ಸ್ವಚ್ಛವಾಗಿದೆ, ನೋಡಿ.

ದನ ಕಾಯುವವಳ ಮಾತು ಕೇಳಿ ಮುಂಬಯಿಗೆ ಬರೆಯುವ ಮೊದಲು ನನ್ನನ್ನು ಕೇಳಬೇಕಿತ್ತು. ಖಾತ್ರಿಯಿಲ್ಲದ ಸುದ್ದಿಯನ್ನು ಕಳಿಸಬಾರದು.

ಪಾರ್ವತೆಮ್ಮನಿಗೆ ನೆಗಡಿ. ಬೇರೆ ವಿಶೇಷವಿಲ್ಲ.

ಕಳಕಪ್ಪ

*

ಹುಲಿಹೈದರ
೧೬ ಜನವರಿ ೧೯೮೪

ಕಳಕಪ್ಪಣ್ಣನವರಿಗೆ,

ಮುಂಬಯಿಯಿಂದ ಉತ್ತರ ಬಂದಿದೆ. ಕಾರ್ಯದರ್ಶಿಗಳು ಸ್ವತಃ ಸಹಿ ಮಾಡಿದ್ದಾರೆ. ಈ ಭಾಗದ ಕೆರೆಗಳಿಂದ ಬಳೆ ತೊಟ್ಟ ಹೆಬ್ಬಾತಿನ ವರದಿ ತಮ್ಮಲ್ಲಿ ಇಲ್ಲವೆಂದೂ, ಸಣ್ಣ ಪ್ರಿಂಟಿನ ಚುಕ್ಕೆಯಿಂದ ಏನೂ ಹೇಳಲಾಗದೆಂದೂ ಬರೆದಿದ್ದಾರೆ. ನೆಗೆಟಿವ್ ಕಳಿಸಿದರೆ ದೊಡ್ಡ ಯಂತ್ರದಲ್ಲಿಟ್ಟು ನೋಡುತ್ತಾರಂತೆ. ನಿಜವಾಗಿದ್ದರೆ ಸಂಘದ ಪತ್ರಿಕೆಯಲ್ಲಿ ಫೋಟೋ ಮತ್ತು ನನ್ನ ಟಿಪ್ಪಣಿ ಎರಡೂ ಬರುತ್ತವೆ.

ನೀವು ಕಲೆ ಎನ್ನುತ್ತೀರಿ. ಇರಬಹುದು. ಆದರೆ ನಾನು ಕಳೆದ ಎರಡು ಭಾನುವಾರ ಕೆರೆಗೆ ಹೋಗಿದ್ದೆ. ಆ ಹಕ್ಕಿ ಕೆಸರಿನಿಂದ ಕಾಲೆತ್ತಿದಾಗ ಏನೋ ಹೊಳೆಯಿತು. ಬಟನ್ ಒತ್ತುವಷ್ಟರಲ್ಲಿ ಕಾಲು ಮತ್ತೆ ಕೆಸರಿನಲ್ಲಿತ್ತು.

ಅಣ್ಣಾ, ನನ್ನ ಮನೆಯವರಲ್ಲಿ ಒಬ್ಬರ ಹೆಸರೂ ಇದುವರೆಗೆ ಪಹಣಿಯ ಹೊರಗೆ ಎಲ್ಲಿಯೂ ಅಚ್ಚಾಗಿಲ್ಲ. ನಗಬೇಡಿ.

ಏಳನೇ ಫ್ರೇಮಿನ ನೆಗೆಟಿವನ್ನು ರಿಜಿಸ್ಟರ್ ಅಂಚೆಯಲ್ಲಿ ನೇರವಾಗಿ ಮುಂಬಯಿಗೆ ಕಳಿಸಿ. ವಿಳಾಸ ಹಿಂದಿದೆ.

ವಿರುಪಣ್ಣ

*

(ಪೋಸ್ಟ್ ಕಾರ್ಡು)
ಹುಲಿಹೈದರ, ೨೭ ಜನವರಿ ೧೯೮೪

ಅಣ್ಣನವರಿಗೆ. ನೆಗೆಟಿವ್ ತಲುಪಿಲ್ಲವೆಂದು ಮುಂಬಯಿಯಿಂದ ಮತ್ತೆ ಪತ್ರ. ಸ್ಟುಡಿಯೋ ತೆರೆದೇ ಇದೆ, ನೀವು ಬಾಗಿಲಲ್ಲಿ ಪತ್ರಿಕೆ ಓದುತ್ತಾ ಕುಳಿತಿದ್ದಿರೆಂದು ಚಾಂದಸಾಬ ಹೇಳಿದ. ಹೆಬ್ಬಾತು ಮೂವತ್ತಾರು ಇವೆ. ಒಂದು ಗೆರೆ ಬರೆಯಿರಿ. —ವಿ.

*

ಕೊಪ್ಪಳ
೩೦ ಜನವರಿ ೧೯೮೪

ವಿರುಪಣ್ಣ ಮಾಸ್ತರಿಗೆ,

ಏಳನೇ ಫ್ರೇಮಿನ ನೆಗೆಟಿವ್ ಹಾಳಾಗಿದೆ. ಹಾಳು ಮಾಡಿದವನು ನಾನು. ಸುದ್ದಿ ಕೊಡುತ್ತಿರುವವನೂ ನಾನೇ.

ನಡೆದದ್ದು ಹೀಗೆ. ನಮ್ಮ ಸ್ಟುಡಿಯೋದಲ್ಲಿ ಟಚಿಂಗ್ ಇಲ್ಲದೆ ಯಾವ ಮುಖವೂ ಹೊರಗೆ ಹೋಗುವುದಿಲ್ಲವೆಂದು ನಿಮಗೆ ಗೊತ್ತಿದೆ. ವರನ ಕಡೆಯವರಿಗೆ ಕಳಿಸುವ ಹುಡುಗಿಯರ ಫೋಟೋಗಳಿಗಂತೂ ಅದೇ ಮುಖ್ಯ. ಸಿಡುಬಿನ ಕಪ್ಪು ಕಲೆಗೆ ನೆಗೆಟಿವ್ ಮೇಲೆ ಪೆನ್ಸಿಲ್ಲು. ಹಣೆಯ ಬೆವರಿನ ಹೊಳಪು, ಕನ್ನಡಕದ ಹೊಳಪು ತೆಗೆಯಲು ಬ್ಲೇಡಿನ ಮೂಲೆ. ಬೆಳ್ಳಗೆ ಹೊಳೆಯುವುದು ನೆಗೆಟಿವ್‌ನಲ್ಲಿ ಕಪ್ಪಾಗಿರುತ್ತದೆ. ಅದನ್ನು ಬ್ಲೇಡಿನಿಂದ ತೆಳ್ಳಗೆ ಕೆರೆದರೆ ಪ್ರಿಂಟಿನಲ್ಲಿ ಹೊಳಪು ಹೋಗುತ್ತದೆ. ಕೆರೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ.

ಡಿಸೆಂಬರ್ ೨೭, ಮಂಗಳವಾರ, ಮಧ್ಯಾಹ್ನ ಮೂರಕ್ಕೆ ಏಳನೇ ಫ್ರೇಮನ್ನು ಕಿಟಕಿಯ ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಕಾಲಿನ ಮೇಲೆ ಕಪ್ಪು ಚುಕ್ಕೆ. ನೀರಿನ ಕಲೆ ಎಂದುಕೊಂಡು ಕೆರೆಯಲು ಶುರು ಮಾಡಿದೆ. ಇಲ್ಲಿಯವರೆಗೆ ಅದು ರೂಢಿ. ಯಾವ ಸ್ಟುಡಿಯೋದವನಾದರೂ ಮಾಡುತ್ತಿದ್ದ.

ಅರ್ಧ ಹೋದ ಮೇಲೆ ಉಳಿದರ್ಧದ ಅಂಚು ಕಾಲನ್ನು ಸುತ್ತಿಕೊಂಡು ಹಿಂದಕ್ಕೆ ಹೋಗಿರುವುದು ಕಂಡಿತು. ನೀರಿನ ಕಲೆ ಸುತ್ತಿಕೊಳ್ಳುವುದಿಲ್ಲ. ಅದು ಬಳೆ ಎಂದು ಆಗಲೇ ತಿಳಿಯಿತು. ನಿಮ್ಮ ಪತ್ರ ಬರುವ ಮೂರು ದಿನ ಮೊದಲು, ನಿಮಗಿಂತ ಸರಿಯಾಗಿ ತಿಳಿಯಿತು.

ನಿಮಗೆ ಬರೆಯಲು ಹೋಗಿ ಎರಡು ಪತ್ರ ಹರಿದೆ. ಕೈ ರೂಢಿಯ ಮೇಲೆ ಓಡಿತು, ತಡೆಯಲಾಗಲಿಲ್ಲ ಎಂದು ಅವುಗಳಲ್ಲಿ ಬರೆದಿದ್ದೆ. ಅದು ಸುಳ್ಳು. ಕೈ ನಿಂತಿತ್ತು. ಬ್ಲೇಡು ಕೆಳಗಿಟ್ಟೆ. ಎದ್ದು ಹೋಗಿ ಚಹಾ ಕುಡಿದೆ. ತಿರುಗಿ ಬಂದು ಉಳಿದರ್ಧ ಕೆರೆದೆ.

ಕಾರಣವನ್ನೂ ಬರೆಯಬೇಕು. ಅದರಲ್ಲಿ ಬಳೆಯೂ ಇದೆ ಎನ್ನುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಮೂವತ್ತು ಅಡಿ, ಕೊಕ್ಕಿನ ತುದಿ, ಪಾರ್ವತೆಮ್ಮನನ್ನು ನೋಡುವ ಕಣ್ಣು, ಇಷ್ಟು ಸಾಕಿತ್ತು. ಮೊದಲನೇ ರೋಲಿಗೆ ಅಷ್ಟು ಸಾಕಿತ್ತು.

ಕಳಕಪ್ಪ

*

ಹುಲಿಹೈದರ
೯ ಫೆಬ್ರವರಿ ೧೯೮೪

ಕಳಕಪ್ಪನವರಿಗೆ,

ನಿಮ್ಮ ಪತ್ರ ಎರಡನೇ ತಾರೀಖು ತಲುಪಿತು. ಕ್ಯಾಮೆರಾ, ಲೆನ್ಸು, ಚೀಲ, ಪಟ್ಟಿ ಎಲ್ಲವನ್ನೂ ಚಾಂದಸಾಬನ ಬಸ್ಸಿಗೆ ಹಾಕಿದ್ದೇನೆ. ಗಾಜನ್ನು ನಾನು ಯಾವತ್ತೂ ಧೋತರದಿಂದ ಒರೆಸಲಿಲ್ಲ.

ಒಂದೇ ಪ್ರಶ್ನೆ. ಆ ಚಹಾ ಕುಡಿಯಲು ಎಷ್ಟು ಹೊತ್ತು ಹಿಡಿಯಿತು?

ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಹುಲಿಗವ್ವನಿಗೂ ಹಾಗೆಯೇ ಹೇಳಿದೆ. ಅವಳು ಎಮ್ಮೆಯ ಕಿವಿಯಿಂದ ಉಣ್ಣೆ ಹುಳ ಕೀಳುತ್ತಾ ಕುಳಿತಿದ್ದಳು. "ಮಂದಿ ಕಾಲಾಗಿನ ಕಡಗ ಕದ್ದೋರನ್ನ ನೋಡೀನಿ ಮಾಸ್ತರ. ಕೊಪ್ಪಳದಾಗ ಕುಂತು ಹುಲಿಹೈದರದ ಬಾತಿನ ಕಾಲಾಗಿಂದು ಬಿಚ್ಚಿಕೊಂಡಾತನ್ನ ಈಗ ಕೇಳಿದೆ," ಎಂದಳು. ನಗು ಬಂತು. ಆಮೇಲೆ ಬರಲಿಲ್ಲ.

ಮುಂಬಯಿಯವರ ಮಟ್ಟಿಗೆ ನಾನೀಗ ಇಲ್ಲದ ಬಳೆ ಇದೆಯೆಂದು ಬರೆದ ಹಳ್ಳಿ ಮಾಸ್ತರ. ಹುಲಿಗವ್ವನ ಮಾತು ಅವರಿಗೆ ಆಧಾರವಲ್ಲ. ನೀವು ಸ್ವಚ್ಛ ಮಾಡಿದ ದೊಡ್ಡ ಪ್ರಿಂಟು ನನ್ನ ಗೋಡೆಯ ಮೇಲಿತ್ತು. ಇಳಿಸಿದ್ದೇನೆ.

ಅವರಿಗೆ ನೀವೇ ಬರೆಯಬೇಕು. ನನಗೆ ಬರೆದಷ್ಟೇ ಪೂರ್ತಿಯಾಗಿ.

ವಿರುಪಣ್ಣ

*

ಕೊಪ್ಪಳ
೧೩ ಫೆಬ್ರವರಿ ೧೯೮೪

ವಿರುಪಣ್ಣ ಮಾಸ್ತರಿಗೆ,

ಹತ್ತು ನಿಮಿಷ. ಪಾರ್ವತೆಮ್ಮ ಮಾಡಿಕೊಟ್ಟಳು. ಯಾಕೆ ಮಾತಾಡುತ್ತಿಲ್ಲವೆಂದು ಕೇಳಿದಳು. ನಾನು ಹೇಳಲಿಲ್ಲ. ಈಗ ಹೇಳಿದ್ದೇನೆ. ಎರಡು ದಿನದಿಂದ ಚಹಾ ಕೇಳಿದರೆ ಹಾಲಿನ ಪಾತ್ರೆಯ ಕಡೆ ಕೈ ತೋರಿಸುತ್ತಾಳೆ.

ಮುಂಬಯಿಗೆ ಇವತ್ತು ರಿಜಿಸ್ಟರ್ ಮಾಡಿದೆ. ಕೋರ್ಟಿನ ಹತ್ತಿರದ ಟೈಪಿಸ್ಟನಿಂದ ಇಂಗ್ಲಿಷ್ ಮಾಡಿಸಿದೆ. ಅವನು ಟೈಪು ಮಾಡುತ್ತಾ ಮಾಡುತ್ತಾ ನಿಲ್ಲಿಸಿ, "ಅಪ್ಪಾರ, ಇದನ್ನ ಹಿಂಗ ಬರಸೂದು ಬ್ಯಾಡ್ರಿ. 'ಅಚಾತುರ್ಯದಿಂದ' ಅಂತ ಒಂದು ಶಬ್ದ ಹಾಕಿಬಿಡೋಣು, ಕೆಲಸ ಮುಗೀತೈತಿ," ಎಂದ. ಬೇಡವೆಂದೆ. ಕನ್ನಡದಲ್ಲಿ ಬರೆದುಕೊಟ್ಟದ್ದು ಇದು:

"ಮಾನ್ಯರೆ, ಹುಲಿಹೈದರದ ಶಿಕ್ಷಕ ವಿರುಪಣ್ಣ ತೆಗೆದ ಹೆಬ್ಬಾತಿನ ನೆಗೆಟಿವ್ ಇದರೊಂದಿಗಿದೆ. ಹಕ್ಕಿಯ ಎತ್ತಿದ ಕಾಲಿನ ಮೇಲೆ ಬಳೆ ಇತ್ತು. ಭೂತಗನ್ನಡಿಯಲ್ಲಿ ನಾನು ನೋಡಿದ್ದೇನೆ. ಅದನ್ನು ಬ್ಲೇಡಿನಿಂದ ಕೆರೆದು ತೆಗೆದವನು ನಾನು. ಮೊದಲರ್ಧ ತಿಳಿಯದೆ, ಎರಡನೇ ಅರ್ಧ ತಿಳಿದು. ಕೆರೆದ ಗುರುತು ನಿಮ್ಮ ಯಂತ್ರದಲ್ಲಿ ಕಾಣುತ್ತದೆ. ಶಿಕ್ಷಕರು ಬರೆದದ್ದರಲ್ಲಿ ತಪ್ಪಿಲ್ಲ. ಕಳಕಪ್ಪ, ಫೋಟೋಗ್ರಾಫರ್ ಮತ್ತು ಪತ್ರಿಕಾ ಬಾತ್ಮೀದಾರ, ಕೊಪ್ಪಳ, ಜಿ. ರಾಯಚೂರು."

ಬಾತ್ಮೀದಾರ ಎಂಬ ಶಬ್ದವನ್ನು ಹಾಕುವುದೋ ಬಿಡುವುದೋ ಎಂದು ಬಹಳ ಹೊತ್ತು ಯೋಚಿಸಿದೆ. ಹಾಕಿದೆ.

ಕ್ಯಾಮೆರಾ ಬಂದಿದೆ. ಚಾಂದಸಾಬ ಮೇಜಿನ ಮೇಲಿಟ್ಟು, "ಒಯ್ಯೂ ಮುಂದ ನೂರಾ ಎಂಟು ಮಾತು ಹೇಳಿದ್ರಿ. ತಂದ್ರ ಬಿಚ್ಚಿ ಸುದ್ದಾ ನೋಡವಲ್ರಿ," ಎಂದ. ಅವನು ಅಲ್ಲಿರುವಾಗಲೇ ಹೊಸ ರೋಲು ಹಾಕಿ ತಿರುಗಿ ಅವನ ಕೈಗೇ ಕೊಟ್ಟೆ. ಹಕ್ಕಿಗಳು ಹೋಗಲು ಇನ್ನು ಹದಿನೈದಿಪ್ಪತ್ತು ದಿನ ಇರಬಹುದು.

ಕಳಕಪ್ಪ

*

ಹುಲಿಹೈದರ
೨೪ ಫೆಬ್ರವರಿ ೧೯೮೪

ಕಳಕಪ್ಪನವರಿಗೆ,

ಕೆರೆಯಲ್ಲಿ ಹತ್ತೊಂಬತ್ತು ಉಳಿದಿವೆ. ಬಳೆಯದು ಅವುಗಳಲ್ಲಿದೆ. ಹುಲಿಗವ್ವ ನಿನ್ನೆ ನೋಡಿದಳು, ಇವತ್ತು ಬೆಳಿಗ್ಗೆ ನಾನೂ ನೋಡಿದೆ. ಮಿಕ್ಕವು ಕಳೆದ ನಾಲ್ಕು ದಿನಗಳಲ್ಲಿ ಎದ್ದು ಹೋದವು.

ಮುಂಬಯಿಯವರ ಪತ್ರ ನಿಮಗೂ ಬಂದಿರಬೇಕು. ಗೀರಿನ ಗುರುತು ಅವರಿಗೆ ಕಂಡಿದೆ. ನನ್ನ ಮಾತನ್ನು ಅಲ್ಲಗಳೆಯುವುದಿಲ್ಲ, ಆದರೆ ಅಚ್ಚು ಹಾಕಲು ಬಳೆಯೇ ಬೇಕು ಎಂದಿದ್ದಾರೆ. ಧಾರವಾಡದ ತಮ್ಮ ಸದಸ್ಯರೊಬ್ಬರನ್ನು ಮಾರ್ಚ್ ನಾಲ್ಕರಂದು ಇಲ್ಲಿಗೆ ಕಳಿಸುತ್ತಾರೆ. ಅವರ ಮುಂದೆ ಫೋಟೋ ತೆಗೆಯಬೇಕು.

ನಿಮ್ಮ ಹೊಸ ರೋಲಿನಲ್ಲಿ ಹತ್ತು ತೆಗೆದಿದ್ದೇನೆ, ಇನ್ನು ಇಪ್ಪತ್ತಾರಿವೆ. ಆ ಹತ್ತೂ ಅಲುಗಿವೆ ಎಂದು ತೊಳೆಯದೆಯೇ ಹೇಳಬಲ್ಲೆ. ಬಟನ್ ಒತ್ತುವ ಕ್ಷಣಕ್ಕೆ ನನ್ನ ಕೈ ನಡುಗುತ್ತದೆ. ಏಳನೆಯದು ಎಮ್ಮೆ ಉಸಿರು ಬಿಡುವುದಕ್ಕೂ ಎಳೆದುಕೊಳ್ಳುವುದಕ್ಕೂ ನಡುವೆ ಬಿದ್ದ ಅದೃಷ್ಟ. ಅಷ್ಟು ಸಣ್ಣ ಬಿಡುವಿನಲ್ಲಿ ಒತ್ತಲು ನಿಮ್ಮಂಥ ಕೈ ಬೇಕು. ಅಳುವ ಕೂಸುಗಳ ಫೋಟೋವನ್ನು ನೀವು ಹೇಗೆ ತೆಗೆಯುತ್ತೀರೆಂದು ನೋಡಿದ್ದೇನೆ.

ಆದ್ದರಿಂದ ಆವತ್ತು ನೀವೇ ಒತ್ತಬೇಕು. ಹುಲಿಗವ್ವನಿಗೆ ಹೇಳಿದ್ದೇನೆ. "ಬರಲಿ. ಆದ್ರ ಆ ಬಿಳಿ ಧೋತರ ಉಟ್ಟು ಬಂದ್ರ ಎಮ್ಮೀನ ಹಾರಿ ಹೋಗತೈತಿ," ಎಂದಳು. ಎಮ್ಮೆಗೆ ಗುರುತಾಗಲು ನೀವು ಎರಡು ದಿನ ಮೊದಲು ಬರಬೇಕಾಗುತ್ತದೆ.

ಇದು ಕ್ಷಮೆಯಲ್ಲ. ಫೋಟೋ ಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ವಿರುಪಣ್ಣ

*

ಕೊಪ್ಪಳ
೨೮ ಫೆಬ್ರವರಿ ೧೯೮೪

ವಿರುಪಣ್ಣ ಮಾಸ್ತರಿಗೆ,

ಬಟನ್ ನೀವೇ ಒತ್ತುತ್ತೀರಿ, ನಾನಲ್ಲ.

ನಿಮ್ಮ ಪತ್ರ ನಿನ್ನೆ ಮಧ್ಯಾಹ್ನ ಬಂತು. ಕೈ ನಡುಗುತ್ತದೆ ಎಂದು ನೀವು ಬರೆದ ಸಾಲು ಓದಿ ಸಂತೋಷವಾಯಿತು. ಒಳ್ಳೆಯ ಊಟ ಮಾಡಿದಂಥ ಸಂತೋಷ. ಅದನ್ನು ಎರಡು ಸಲ ಓದಿದೆ. ಹುಲಿಹೈದರಕ್ಕೆ ಶುಕ್ರವಾರವೇ ಹೋಗುವುದೆಂದು ಚೀಲಕ್ಕೆ ಹಳೆಯ ಚೌಕಡಿ ಲುಂಗಿಯನ್ನೂ ಹಾಕಿದೆ. ಪಾರ್ವತೆಮ್ಮ ನೋಡಿ, "ಯಾರ ಫೋಟೋ ತಗಿಯಾಕ ಹೊಂಟೀರಿ?" ಎಂದಳು. ಹೆಬ್ಬಾತಿನದು ಎಂದೆ. "ಮಾಸ್ತರ್ದೋ, ನಿಮ್ದೋ?" ಎಂದಳು. ಲುಂಗಿ ಹೊರಗೆ ತೆಗೆದೆ.

ಆ ಹಕ್ಕಿಯ ಫೋಟೋ ನನ್ನ ಕೈಯಿಂದ ಬರಲಿ ಎಂಬ ಆಸೆ ಹನ್ನೊಂದು ವರ್ಷದ್ದು. ಇವತ್ತಿಗೂ ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ. ನೀವು ತೆಗೆದದ್ದು ಸರಿಯಾಗಿ ಬಂದರೆ ನನಗೆ ಸಂಕಟವಾಗುತ್ತದೆ. ಈಗಲೇ ತಿಳಿಸಿರುತ್ತೇನೆ, ಆಮೇಲೆ ನನ್ನ ಮುಖ ನೋಡಿ ಬೇರೆ ಏನೋ ಅಂದುಕೊಳ್ಳಬಾರದು. ಆದರೆ ನೀವು ಕೊಟ್ಟದ್ದನ್ನು ನಾನು ತೆಗೆದುಕೊಂಡರೆ ಆ ಹಕ್ಕಿಯನ್ನು ನಿಮ್ಮಿಂದ ಎರಡನೇ ಸಲ ತೆಗೆದುಕೊಂಡಂತಾಗುತ್ತದೆ.

ಕೈಗೆ ಉಪಾಯ ಹೇಳುತ್ತೇನೆ, ಅದು ನನಗೆ ಗೊತ್ತಿರುವ ಕೆಲಸ. ಬಟನ್ನನ್ನು ಬೆರಳ ತುದಿಯಿಂದ ಒತ್ತಬೇಡಿ, ಬೆರಳನ್ನು ಅದರ ಮೇಲೆ ಮಲಗಿಸಿ ನಿಧಾನಕ್ಕೆ ಭಾರ ಬಿಡಿ. ಎಡಗೈ ಲೆನ್ಸಿನ ಕೆಳಗೆ, ಎಮ್ಮೆಯ ಚರ್ಮಕ್ಕೆ ತಾಗಿರಲಿ. ಎಮ್ಮೆಯ ಜೊತೆಗೇ ನೀವೂ ಉಸಿರಾಡಿ. ಅದು ಬಿಟ್ಟಾಗ ಬಿಡಿ, ಬಿಟ್ಟು ಮುಗಿದ ಮೇಲೆ ಒತ್ತಿ. ಶುಕ್ರವಾರ, ಶನಿವಾರ ರೋಲು ತಿರುಗಿಸದೆ ಬರಿದೇ ಅಭ್ಯಾಸ ಮಾಡಿ.

ಧಾರವಾಡದವರಿಗೆ ಇವತ್ತು ಟ್ರಂಕ್ ಕಾಲ್ ಮಾಡಿ ಇಷ್ಟು ಗೊತ್ತು ಮಾಡಿದ್ದೇನೆ. ಶನಿವಾರ, ಮಾರ್ಚ್ ಮೂರು, ಸಂಜೆಯ ಹುಬ್ಬಳ್ಳಿ ರೈಲಿಗೆ ಅವರು ಕೊಪ್ಪಳದಲ್ಲಿ ಇಳಿದು ನಮ್ಮ ಮನೆಯಲ್ಲಿ ಉಳಿಯುತ್ತಾರೆ. ಭಾನುವಾರ ಐದೂಕಾಲಿನ ಮೊದಲನೇ ಬಸ್ಸಿಗೆ ಅವರನ್ನು ಕರೆದುಕೊಂಡು ಹೊರಡುತ್ತೇನೆ. ಗಂಗಾವತಿಯಲ್ಲಿ ಬಸ್ಸು ಬದಲಾಯಿಸಿ ಎಂಟೂವರೆಗೆ ಹುಲಿಹೈದರ ಮುಟ್ಟುತ್ತೇವೆ. ಅವರು ನಿಮ್ಮ ಜೊತೆ ಕೆಸರಿಗೆ ಇಳಿಯುತ್ತಾರೆ. ನಾನು ಶಾಲೆಯ ಕಟ್ಟೆಯ ಮೇಲೆ ಇರುತ್ತೇನೆ. ಫೋಟೋ ಮುಗಿದ ಮೇಲೆ ರೋಲನ್ನು ನೀವೇ ಕ್ಯಾಮೆರಾದಿಂದ ತೆಗೆದು ಅವರ ಕೈಗೆ ಕೊಡಬೇಕು. ಅದನ್ನು ಧಾರವಾಡದಲ್ಲಿ ತೊಳೆಯಲಾಗುವುದು.

ಕಳಕಪ್ಪ